ಬಲವಿಜ್ಞಾನ ಮತ್ತು ವಿದ್ಯುತ್ತು: ನಿತ್ಯಬಳಕೆಯ ಮೂಲತತ್ತ್ವಗಳು

ವಸ್ತುಗಳ ಚಲನೆ, ಅವುಗಳ ಮೇಲೆ ಬೀಳುವ ಬಲ, ಅದರಿಂದ ಆಗುವ ಕೆಲಸ ಇವನ್ನು ಅಳೆದು ಲೆಕ್ಕ ಹಾಕುವ ಶಾಸ್ತ್ರ ಬಲವಿಜ್ಞಾನ. ವಿದ್ಯುದಾವೇಶ ಎಲ್ಲಿ ನಿಲ್ಲುತ್ತದೆ, ಹೇಗೆ ಹರಿಯುತ್ತದೆ, ಹರಿದಾಗ ಏನು ಮಾಡುತ್ತದೆ ಎಂಬುದು ವಿದ್ಯುತ್ ಶಾಸ್ತ್ರದ ವಿಷಯ. ಪಠ್ಯಪುಸ್ತಕದಲ್ಲಿ ಇವೆರಡಕ್ಕೂ ಬೇರೆ ಬೇರೆ ಅಧ್ಯಾಯ. ಬಾವಿಕಟ್ಟೆಯಲ್ಲಿ, ಅಡುಗೆಮನೆಯಲ್ಲಿ, ಹೊಲದ ಪಂಪ್‌ಸೆಟ್ಟಿನ ಬಳಿ ಅಂಥ ಗೋಡೆ ಇಲ್ಲ. ಎರಡನ್ನೂ ಆಳುವುದು ಒಂದೇ ಲೆಕ್ಕ: ಶಕ್ತಿಯನ್ನು ಹೊಸದಾಗಿ ಹುಟ್ಟಿಸಲಾಗದು, ಇಲ್ಲವಾಗಿಸಲೂ ಆಗದು, ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸಬಹುದು, ಅಷ್ಟೆ. ಸನ್ನೆ ಹಾಕಿ ಬಲ ಗಳಿಸಿದವನು ದೂರದಲ್ಲಿ ಅದನ್ನು ತೆರಬೇಕು. ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿಸಿದವನು ಕರೆಂಟಿನಲ್ಲಿ ತೆರಬೇಕು. ಮುಂದಿನ ವಿವರಣೆಯೆಲ್ಲ ಈ ಲೆಕ್ಕವನ್ನು ಹಿಡಿದು ಸಾಗುತ್ತದೆ.

ಸನ್ನೆ, ರಾಟೆ, ಇಳಿಜಾರು

ದೊಡ್ಡ ಕಲ್ಲನ್ನು ಹಾರೆಯಿಂದ ಮೀಟುವವರು ಹಾರೆಯ ಅಡಿಗೆ, ಆ ಕಲ್ಲಿಗೆ ಆದಷ್ಟು ಹತ್ತಿರದಲ್ಲಿ, ಒಂದು ಚಿಕ್ಕ ಕಲ್ಲನ್ನು ಆನಿಕೆಯಾಗಿ ಇಡುತ್ತಾರೆ. ಒಂದೂವರೆ ಮೀಟರಿನ ಹಾರೆಯಲ್ಲಿ ಆನಿಕೆ ತುದಿಯಿಂದ 15 ಸೆಂಟಿಮೀಟರ್ ದೂರದಲ್ಲಿದ್ದರೆ ಕೈಯ ಕಡೆಗೆ 135 ಸೆಂಟಿಮೀಟರ್ ಉಳಿಯುತ್ತದೆ. ಬಲ ಒಂಬತ್ತು ಪಟ್ಟು. 40 ಕಿಲೊ ಭಾರ ಹಾಕಿದರೆ 360 ಕಿಲೊ ಕಲ್ಲು ಏಳುತ್ತದೆ. ಆದರೆ ಕಲ್ಲು 2 ಸೆಂಟಿಮೀಟರ್ ಏಳಬೇಕಾದರೆ ಕೈ 18 ಸೆಂಟಿಮೀಟರ್ ಇಳಿಯಬೇಕು. ಬಲವನ್ನು ಅದು ಸಾಗಿದ ದೂರದಿಂದ ಗುಣಿಸಿದರೆ ಸಿಗುವುದೇ ಕೆಲಸ; ಹಾರೆಯ ಎರಡೂ ತುದಿಗಳಲ್ಲಿ ಅದರ ಮೊತ್ತ ಒಂದೇ. ಕ್ರಿ.ಪೂ. 3ನೆಯ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ಸನ್ನೆಯ ನಿಯಮವನ್ನು ಜ್ಯಾಮಿತಿಯ ಮೂಲಕ ಸಾಧಿಸಿ ತೋರಿಸಿದ. ಕಲ್ಲು ಒಡೆಯುವವರಿಗೆ ಅದು ಅವನಿಗಿಂತ ಎಷ್ಟೋ ಮೊದಲೇ ಕೈಯಲ್ಲಿ ಗೊತ್ತಿತ್ತು.

ಅಡಕತ್ತರಿಯಲ್ಲಿ ಆನಿಕೆ ತುದಿಯ ಕೀಲಿನಲ್ಲಿದೆ, ಅಡಕೆ ಅದರ ಪಕ್ಕದಲ್ಲೇ, ಕೈ ಕೊನೆಯಲ್ಲಿ. ಕೀಲಿನಿಂದ 3 ಸೆಂಟಿಮೀಟರಿನಲ್ಲಿ ಅಡಕೆ, 15 ಸೆಂಟಿಮೀಟರಿನಲ್ಲಿ ಕೈ ಇದ್ದರೆ ಅಡಕೆಯ ಮೇಲೆ ಬೀಳುವ ಬಲ ಐದು ಪಟ್ಟು. ಹಣ್ಣಡಕೆಯನ್ನು ಎಲ್ಲಿಟ್ಟರೂ ಕತ್ತರಿಸಬಹುದು. ಒಣಗಿದ ಗೋಟಡಕೆಯನ್ನು ಮಾತ್ರ ಅಭ್ಯಾಸವಿದ್ದವರು ಕೀಲಿನ ಬುಡಕ್ಕೇ ಒತ್ತರಿಸುತ್ತಾರೆ. ಕೆಂಡ ಎತ್ತುವ ಚಿಮಟದಲ್ಲಿ ಇದು ತಿರುಗುಮುರುಗು. ಕೈ ನಡುವೆ ಇದೆ, ಕೆಂಡ ತುದಿಯಲ್ಲಿದೆ. ತುದಿಯಲ್ಲಿ ಬಲ ಕಡಿಮೆ, ಆದರೆ ಬೆರಳು ತುಸುವೇ ಅಲುಗಿದರೂ ತುದಿ ಅಗಲವಾಗಿ ತೆರೆದುಕೊಳ್ಳುತ್ತದೆ. ನಮ್ಮ ಮುಂಗೈಯೂ ಇದೇ ಜಾತಿಯದು. ಸ್ನಾಯು ಮೊಣಕೈಗೆ ತೀರ ಹತ್ತಿರ ಅಂಟಿಕೊಂಡಿರುವುದರಿಂದ ಅಂಗೈಯಲ್ಲಿ ಹಿಡಿದ ಒಂದು ಬಿಂದಿಗೆ ನೀರಿಗೆ ಸ್ನಾಯು ಅದರ ತೂಕದ ಹಲವು ಪಟ್ಟು ಎಳೆಯಬೇಕಾಗುತ್ತದೆ. ಬಿಂದಿಗೆಯನ್ನು ಸೊಂಟಕ್ಕೇರಿಸಿದರೆ ಹಗುರವೆನಿಸುವುದಕ್ಕೆ ಕಾರಣ ಇದು.

ಬಾವಿಯ ಮೇಲಿನ ಒಂಟಿ ರಾಟೆ ಬಲವನ್ನು ಹೆಚ್ಚಿಸುವುದಿಲ್ಲ. ಹತ್ತು ಕಿಲೊ ಕೊಡಕ್ಕೆ ಹತ್ತು ಕಿಲೊ ಎಳೆತ ಬೇಕೇ ಬೇಕು, ಘರ್ಷಣೆಗೆಂದು ಇನ್ನಷ್ಟು. ಲಾಭವಿರುವುದು ದಿಕ್ಕಿನಲ್ಲಿ: ಬಗ್ಗಿ ಮೇಲಕ್ಕೆಳೆಯುವ ಬದಲು ನಿಂತು ಕೆಳಕ್ಕೆಳೆಯಬಹುದು, ಮೈಯ ತೂಕವೇ ಅರ್ಧ ಕೆಲಸ ಮಾಡುತ್ತದೆ. ಹಳೆಯ ಮೈಸೂರು ಸೀಮೆಯ ಕಪಿಲೆ ಬಾವಿಗಳಲ್ಲಿ ಇದೇ ಉಪಾಯವನ್ನು ಎತ್ತುಗಳಿಗೆ ಒದಗಿಸಿದ್ದರು. ಬಾವಿಯ ಬಾಯಿಂದ ಆಚೆಗೆ ನೆಲವನ್ನು ಇಳಿಜಾರಾಗಿ ತೆಗೆದು, ಎತ್ತುಗಳು ಇಳಿಯುತ್ತಾ ಚರ್ಮದ ಚೀಲವನ್ನು ಎಳೆಯುವಂತೆ ಮಾಡಿದ್ದರು. ಎಳೆಯುವಾಗ ಎತ್ತಿನ ತೂಕ ಒತ್ತಾಸೆಗೆ ಬರುತ್ತಿತ್ತು, ಹಿಂದಿರುಗಿ ದಿಬ್ಬ ಏರುವಾಗ ಚೀಲ ಬರಿದಾಗಿರುತ್ತಿತ್ತು. ಏತದಲ್ಲಿ ಎತ್ತಿನ ಕೆಲಸ ಮನುಷ್ಯನದು: ಮೇಲಿನ ತೊಲೆಯ ಮೇಲೆ ಹಿಂದೆ ಮುಂದೆ ನಡೆದಾಡುವವನ ತೂಕವೇ ಬುಟ್ಟಿಯನ್ನು ಎತ್ತಿ ಇಳಿಸುತ್ತದೆ. ಬಲ ಹೆಚ್ಚಬೇಕಾದರೆ ರಾಟೆ ಹೊರೆಯ ಜೊತೆಗೇ ಮೇಲೇರುವಂತೆ ಕಟ್ಟಬೇಕು. ಆಗ ಹೊರೆಯನ್ನು ಎರಡು ಎಳೆ ಹಗ್ಗ ಹಂಚಿಕೊಳ್ಳುತ್ತವೆ, ಎಳೆಯುವ ಬಲ ಅರ್ಧ, ಎಳೆಯುವ ಹಗ್ಗ ಎರಡರಷ್ಟು.

ಇಳಿಜಾರಿನದೂ ಇದೇ ಕತೆ. ಲಾರಿಗೆ ಡ್ರಮ್ ಏರಿಸಲು ಹಲಗೆ ಒರಗಿಸುವವರು, ಆಗುಂಬೆ ಘಾಟಿಯಲ್ಲಿ ತಿರುವಿನ ಮೇಲೆ ತಿರುವು ಕೊಟ್ಟು ರಸ್ತೆ ತೆಗೆದವರು ಮಾಡಿದ್ದು ಒಂದೇ. ಏರಬೇಕಾದ ಎತ್ತರ ಕಡಿಮೆಯಾಗದು. ಅದನ್ನು ಉದ್ದಕ್ಕೆ ಹರಡಿ ಬಲವನ್ನು ತಗ್ಗಿಸಿಕೊಳ್ಳುತ್ತೇವೆ. ಆ ಇಳಿಜಾರನ್ನು ಒಂದು ಸರಳಿನ ಸುತ್ತ ಸುತ್ತಿದರೆ ತಿರುಪು. ಹಿಡಿ ತಿರುಗಿಸುವ ಚಕ್ಕುಲಿ ಒರಳನ್ನು ನೋಡಿ: 10 ಸೆಂಟಿಮೀಟರ್ ಉದ್ದದ ಹಿಡಿ ಒಂದು ಸುತ್ತು ಬಂದರೆ ಕೈ ಸುಮಾರು 63 ಸೆಂಟಿಮೀಟರ್ ಸಾಗುತ್ತದೆ, ಒತ್ತುವ ಬಿಲ್ಲೆ ಇಳಿಯುವುದು ನಾಲ್ಕೈದು ಮಿಲಿಮೀಟರ್ ಮಾತ್ರ. ಕಾಗದದ ಮೇಲೆ ಬಲ ನೂರು ಪಟ್ಟಿಗೂ ಮಿಗಿಲು. ನಿಜದಲ್ಲಿ ಅರ್ಧಕ್ಕಿಂತ ಹೆಚ್ಚು ತಿರುಪಿನ ಎಣೆಗಳ ಉಜ್ಜಾಟದಲ್ಲೇ ಕರಗುತ್ತದೆ. ಈ ನಷ್ಟವೂ ಒಂದು ಕಡೆ ಉಪಕಾರಿ. ಕೈ ಬಿಟ್ಟರೂ ಹಿಟ್ಟು ಬಿಲ್ಲೆಯನ್ನು ಮೇಲಕ್ಕೆ ತಳ್ಳಲಾರದು. ಕಾರಿನ ಸ್ಕ್ರೂ ಜ್ಯಾಕು ಕಾರನ್ನು ಹೊತ್ತು ತಾನಾಗಿ ಕೆಳಗಿಳಿಯದೆ ನಿಲ್ಲುವುದೂ ಈ ಘರ್ಷಣೆಯಿಂದಲೇ.

ಚಲನೆಯ ನಿಯಮಗಳು

ಗಾಡಿಯನ್ನು ಎಳೆಯುವುದು ನಿಲ್ಲಿಸಿದರೆ ಗಾಡಿಯೂ ನಿಲ್ಲುತ್ತದೆ. ಆದ್ದರಿಂದ ಚಲನೆಗೆ ಸದಾ ಬಲ ಬೇಕು ಎಂದು ಬಹುಕಾಲ ನಂಬಿದ್ದರು. ಗಾಡಿಯನ್ನು ನಿಲ್ಲಿಸುವುದು ಅಚ್ಚಿನ ಮತ್ತು ನೆಲದ ಘರ್ಷಣೆ, ಅದಿಲ್ಲದಿದ್ದರೆ ಗಾಡಿ ಸಾಗುತ್ತಲೇ ಇರುತ್ತಿತ್ತು ಎಂಬ ಅರಿವಿಗೆ ಗೆಲಿಲಿಯೊ ಬೇಕಾಯಿತು. 1687ರಲ್ಲಿ ಐಸಾಕ್ ನ್ಯೂಟನ್ ಪ್ರಕಟಿಸಿದ ‘ಪ್ರಿನ್ಸಿಪಿಯ’ದ ಮೊದಲ ನಿಯಮವೇ ಇದು: ಹೊರಗಿನ ಬಲ ಬೀಳದ ಹೊರತು ನಿಂತದ್ದು ನಿಂತೇ ಇರುತ್ತದೆ, ಹೋಗುತ್ತಿರುವುದು ನೇರವಾಗಿ ಒಂದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಈ ಗುಣ ಜಡತ್ವ. ಡ್ರೈವರು ಬ್ರೇಕ್ ಒತ್ತಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅವರನ್ನು ಯಾರೂ ತಳ್ಳಿಲ್ಲ, ಬಸ್ಸು ನಿಧಾನಿಸಿತು, ಅವರು ನಿಧಾನಿಸಲಿಲ್ಲ. ಒಗೆದ ಬಟ್ಟೆಯನ್ನು ಕೊಡವಿದಾಗ ನೀರು ಸಿಡಿಯುವುದು, ಹಿಡಿ ಸಡಿಲಾದ ಸುತ್ತಿಗೆಯ ಕಾವನ್ನು ನೆಲಕ್ಕೆ ಕುಟ್ಟಿದರೆ ತಲೆ ಬಿಗಿಯಾಗುವುದು, ಇವೂ ಜಡತ್ವದ ಕೆಲಸವೇ.

ಎರಡನೆಯ ನಿಯಮ ಬಲದ ಅಳತೆಯನ್ನು ಕೊಡುತ್ತದೆ. ವಸ್ತುವಿನ ರಾಶಿಯನ್ನು ಅದರ ವೇಗೋತ್ಕರ್ಷದಿಂದ ಗುಣಿಸಿದರೆ ಬಲ. ಒಂದು ಕಿಲೊ ವಸ್ತುವಿನ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಂತೆ ಹೆಚ್ಚಿಸುವ ಬಲ ಒಂದು ನ್ಯೂಟನ್. ನೂರು ಗ್ರಾಂ ತೂಕ ಅಂಗೈಯ ಮೇಲೆ ಒತ್ತುವುದು ಹೆಚ್ಚುಕಡಿಮೆ ಇಷ್ಟೇ. ಇದೇ ನಿಯಮ ಬೈಕ್ ಸವಾರರ ತಲೆ ಕಾಯುತ್ತದೆ. ಸುಮಾರು 1.8 ಮೀಟರ್ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಸೆಕೆಂಡಿಗೆ 6 ಮೀಟರ್ ವೇಗದಲ್ಲಿರುತ್ತದೆ. ಬರಿತಲೆ ರಸ್ತೆಗೆ ಬಡಿದು 2 ಮಿಲಿಮೀಟರ್ ಅಂತರದಲ್ಲಿ ನಿಂತಿತೆಂದರೆ ಅದು ಅನುಭವಿಸುವ ತಡೆ ಗುರುತ್ವದ 900 ಪಟ್ಟಿಗೂ ಹೆಚ್ಚು. ಹೆಲ್ಮೆಟ್ಟಿನೊಳಗಿನ ಥರ್ಮೊಕೋಲು ನಜ್ಜುಗುಜ್ಜಾಗುತ್ತ ಆ ಅಂತರವನ್ನು 25 ಮಿಲಿಮೀಟರಿಗೆ ಹಿಗ್ಗಿಸಿದರೆ 73 ಪಟ್ಟು. ಬದುಕಿಗೂ ಸಾವಿಗೂ ನಡುವಿನ ಅಂತರ ಆ ಬಿಳಿ ಪದರದ ದಪ್ಪ. ಪೊಲೀಸರಿಗೆ ತೋರಿಸಲೆಂದು ಕೊಳ್ಳುವ ಟೋಪಿಯಂಥ ಹೆಲ್ಮೆಟ್ಟಿನಲ್ಲಿ ಹೊರಚಿಪ್ಪು ಇರುತ್ತದೆ, ಈ ಪದರ ಇರುವುದಿಲ್ಲ. ಭೌತಶಾಸ್ತ್ರದ ಕಣ್ಣಿಗೆ ಅದು ಹೆಲ್ಮೆಟ್ಟೇ ಅಲ್ಲ.

ಮೂರನೆಯ ನಿಯಮ, ಪ್ರತಿ ಕ್ರಿಯೆಗೂ ಸಮನಾದ ಎದುರು ಪ್ರತಿಕ್ರಿಯೆ. ಹರಿಗೋಲಿನಿಂದ ದಡಕ್ಕೆ ಹಾರುವವನು ಹರಿಗೋಲನ್ನು ಹಿಂದಕ್ಕೆ ಒದೆಯುತ್ತಾನೆ. ಅವಸರದವರು ನೀರಿಗೆ ಬೀಳುವುದೂ ಅದರಿಂದಲೇ. ರಾಕೆಟ್ ತಾನು ಉಗುಳಿದ ಅನಿಲವನ್ನು ಒದ್ದು ಮೇಲೇರುತ್ತದೆ, ಅದಕ್ಕೆ ಒರಗಲು ಗಾಳಿ ಬೇಕಿಲ್ಲ.

ಹರಿಗೋಲಿನ ಮಾತು ಬಂದುದರಿಂದ ತೇಲುವಿಕೆಯ ಲೆಕ್ಕವನ್ನೂ ಇಲ್ಲೇ ಮುಗಿಸಬಹುದು. ಮುಳುಗಿದ ಭಾಗ ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಬಲ ವಸ್ತುವನ್ನು ಮೇಲಕ್ಕೆತ್ತುತ್ತದೆ. ಹಂಪಿಯ ಬಳಿ ತುಂಗಭದ್ರೆಯಲ್ಲಿ ಓಡಾಡುವಂಥ, ತಳ ಚಪ್ಪಟೆಯಾಗಿರುವ 2 ಮೀಟರ್ ಅಡ್ಡಳತೆಯ ಹರಿಗೋಲು 10 ಸೆಂಟಿಮೀಟರ್ ಮುಳುಗಿದರೆ ಸರಿಸುವ ನೀರು ಸುಮಾರು 314 ಲೀಟರ್. ಅಂದರೆ ತನ್ನದೂ ಸೇರಿ 314 ಕಿಲೊ ಭಾರಕ್ಕೆ ಅಷ್ಟು ಮುಳುಗಿದರೆ ಸಾಕು. ಬಿದಿರು ಹೆಣೆದು ಮಾಡಿದ ಈ ಬುಟ್ಟಿ ಅಷ್ಟೊಂದು ಜನರನ್ನು ಹೊರುವ ಗುಟ್ಟು ಅದರ ಅಗಲದಲ್ಲಿದೆ.

ಶಕ್ತಿಯ ಜಮಾಖರ್ಚು

ವಸ್ತುವಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ, ಬ್ರೇಕು ಅರಗಿಸಬೇಕಾದ ಹೊರೆಯೂ ನಾಲ್ಮಡಿ. ಒಣ ರಸ್ತೆಯಲ್ಲಿ ಗಂಟೆಗೆ 40 ಕಿಲೊಮೀಟರ್ ವೇಗದ ಕಾರು ಬ್ರೇಕ್ ಹಿಡಿದ ಮೇಲೆ 12 ಮೀಟರಿನಲ್ಲಿ ನಿಂತರೆ, ಅದೇ ಕಾರು 80ರ ವೇಗದಲ್ಲಿದ್ದಾಗ 48 ಮೀಟರ್ ಬೇಡುತ್ತದೆ. ಡ್ರೈವರ್ ಎಚ್ಚೆತ್ತು ಕಾಲು ಇಡುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನ 22 ಮೀಟರ್ ಬೇರೆ. ಆ ಶಕ್ತಿಯೆಲ್ಲ ಎಲ್ಲಿ ಹೋಯಿತು ಎಂದು ಕೇಳುವವರು ಘಾಟಿ ಇಳಿದು ಬಂದ ಲಾರಿಯ ಚಕ್ರದ ಬಳಿ ನಿಂತರೆ ಸಾಕು. ಬ್ರೇಕು ಕಾದ ವಾಸನೆಯೇ ಉತ್ತರ.

ಕೆಲಸ ಹೀಗೆ ಶಾಖವಾಗುವಾಗ ಲೆಕ್ಕ ತಪ್ಪುವುದಿಲ್ಲ ಎಂಬುದನ್ನು 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಅಳೆದು ತೋರಿಸಿದ. ಬೀಳುವ ತೂಕದಿಂದ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸಿ ನೀರು ಎಷ್ಟು ಬಿಸಿಯಾಯಿತೆಂದು ನೋಡಿದ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4.2 ಜೂಲ್ ಬೇಕು. ಇದಕ್ಕೆ ಮುನ್ನ, ತನ್ನಷ್ಟಕ್ಕೆ ಸದಾ ತಿರುಗುವ ಯಂತ್ರದ ಕನಸು ಎಲ್ಲ ಕಡೆಯೂ ಇತ್ತು. 12ನೆಯ ಶತಮಾನದ ಭಾಸ್ಕರಾಚಾರ್ಯನೂ ಅರೆಕಾಲುಗಳಲ್ಲಿ ಪಾದರಸ ತುಂಬಿದ, ತಾನೇ ತಿರುಗುವ ಚಕ್ರವೊಂದನ್ನು ‘ಸಿದ್ಧಾಂತ ಶಿರೋಮಣಿ’ಯಲ್ಲಿ ವರ್ಣಿಸಿದ್ದಾನೆ. ಅಂಥ ಚಕ್ರ ತಿರುಗದು. ಒಂದು ಕಡೆ ಇಳಿಯುವ ಪಾದರಸ ಕೊಟ್ಟಷ್ಟನ್ನೇ ಇನ್ನೊಂದು ಕಡೆ ಏರುವ ಪಾದರಸ ಕಿತ್ತುಕೊಳ್ಳುತ್ತದೆ, ಅಚ್ಚಿನ ಘರ್ಷಣೆ ಮೇಲಿನ ಸುಂಕ. ಇಂದಿಗೂ ‘ಪೆಟ್ರೋಲ್ ಬೇಡ, ಕರೆಂಟ್ ಬೇಡ’ ಎಂಬ ಯಂತ್ರದ ಸುದ್ದಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿ.

ಸೆಕೆಂಡಿಗೆ ಒಂದು ಜೂಲ್ ಕೆಲಸ ಒಂದು ವ್ಯಾಟ್. 746 ವ್ಯಾಟ್ ಒಂದು ಅಶ್ವಶಕ್ತಿ, ಅಂದರೆ ಒಂದು ಎಚ್‌ಪಿ. ಕರೆಂಟು ಬಿಲ್ಲಿನ ಯೂನಿಟ್ ಎಂದರೆ ಸಾವಿರ ವ್ಯಾಟ್ ಒಂದು ಗಂಟೆ ನಡೆದಷ್ಟು ಶಕ್ತಿ, 36 ಲಕ್ಷ ಜೂಲ್. ಹಮಾಲಿಯೊಬ್ಬ 50 ಕಿಲೊ ಅಕ್ಕಿ ಮೂಟೆಯನ್ನು ಒಂದು ಮೀಟರ್ ಎತ್ತಿದರೆ ಮೂಟೆಗೆ ಸೇರುವುದು 490 ಜೂಲ್. ಒಂದು ಯೂನಿಟ್ ಆಗಬೇಕಾದರೆ ಅವನು ಅಂಥ 7,300ಕ್ಕೂ ಹೆಚ್ಚು ಮೂಟೆ ಎತ್ತಬೇಕು. ವಿದ್ಯುತ್ತು ದುಬಾರಿ ಎಂಬ ಗೊಣಗಾಟಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕದು.

ಆವೇಶ, ಪ್ರವಾಹ, ರೋಧ

ಚಳಿಗಾಲದ ಒಣಹವೆಯಲ್ಲಿ ಪಾಲಿಸ್ಟರ್ ಬಟ್ಟೆ ತೆಗೆಯುವಾಗ ಚಟಪಟ ಸದ್ದು, ಬಾಚಣಿಗೆಗೆ ಅಂಟುವ ಕಾಗದದ ಚೂರು: ಉಜ್ಜುವಾಗ ಒಂದರಿಂದ ಇನ್ನೊಂದಕ್ಕೆ ಸರಿದ ಎಲೆಕ್ಟ್ರಾನುಗಳ ಆಟ ಇದು. ಎರಡು ಆವೇಶಗಳ ನಡುವಣ ಬಲ ಅವುಗಳ ದೂರದ ವರ್ಗಕ್ಕೆ ವಿಲೋಮವೆಂದು 1785ರಲ್ಲಿ ಕೂಲಂಬ್ ಅಳೆದ. ನಿಂತ ಆವೇಶದಿಂದ ಮನೆಬಳಕೆಗೆ ಹೆಚ್ಚೇನೂ ಪ್ರಯೋಜನವಿಲ್ಲ. 1800ರಲ್ಲಿ ಇಟಲಿಯ ವೋಲ್ಟ ಸತು ಮತ್ತು ತಾಮ್ರದ ಬಿಲ್ಲೆಗಳ ನಡುವೆ ಉಪ್ಪುನೀರಿನ ಬಟ್ಟೆಯಿಟ್ಟು ಕಟ್ಟಿದ ಕಂಬ ಮೊತ್ತಮೊದಲು ಎಡೆಬಿಡದೆ ಹರಿಯುವ ಪ್ರವಾಹ ಕೊಟ್ಟಿತು.

ತಂತಿಯಲ್ಲಿ ಹರಿಯುವ ಕರೆಂಟನ್ನು ಕೊಳವೆಯ ನೀರಿನಂತೆ ಭಾವಿಸುವುದು ರೂಢಿ. ವೋಲ್ಟೇಜ್ ಟ್ಯಾಂಕಿನ ಎತ್ತರ, ಆಂಪಿಯರ್ ಹರಿವಿನ ಪ್ರಮಾಣ, ರೋಧ ಕೊಳವೆಯ ಸಣ್ಣತನ. ಹೋಲಿಕೆ ಅಷ್ಟರ ಮಟ್ಟಿಗೆ ಸರಿ. ಆದರೆ ಸ್ವಿಚ್ ಒತ್ತಿದೊಡನೆ ಎಲೆಕ್ಟ್ರಾನು ಕಂಬದಿಂದ ಬಲ್ಬಿಗೆ ಓಡಿಬರುತ್ತದೆಂದು ತಿಳಿದರೆ ಮೋಸ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಏಕಮುಖ ಪ್ರವಾಹ ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿ ಮುಂದೆ ಸರಿಯುವುದು ಸೆಕೆಂಡಿಗೆ ಕಾಲು ಮಿಲಿಮೀಟರ್. ಮನೆಯ ಪರ್ಯಾಯ ಪ್ರವಾಹದಲ್ಲಂತೂ ಅವು ಎಲ್ಲಿಗೂ ಹೋಗುವುದಿಲ್ಲ, ನಿಂತಲ್ಲೇ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತವೆ. ಬೆಳಕಿನ ವೇಗದ ಆಸುಪಾಸಿನಲ್ಲಿ ಓಡುವುದು ತಂತಿಯ ಸುತ್ತಲ ವಿದ್ಯುತ್ ಕ್ಷೇತ್ರ.

ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು: 1827ರಲ್ಲಿ ಜರ್ಮನಿಯ ಗೇಯೋರ್ಗ್ ಓಮ್ ಪ್ರಕಟಿಸಿದ ನಿಯಮ. 230 ವೋಲ್ಟಿನಲ್ಲಿ 1,000 ವ್ಯಾಟ್ ಬಳಸುವ ಇಸ್ತ್ರಿಪೆಟ್ಟಿಗೆ 4.3 ಆಂಪಿಯರ್ ಎಳೆಯುತ್ತದೆ, ಅದರ ನೈಕ್ರೋಮ್ ಸುರುಳಿಯ ರೋಧ ಸುಮಾರು 53 ಓಮ್. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿದರೆ ವ್ಯಾಟೇಜು 610ಕ್ಕೆ ಕುಸಿಯುತ್ತದೆ, ಏಕೆಂದರೆ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಸ್ನಾನದ ನೀರಿನ ಲೆಕ್ಕವೂ ಸುಲಭ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 22 ಲಕ್ಷ ಜೂಲ್ ಬೇಕು. 2,000 ವ್ಯಾಟಿನ ಗೀಸರಿಗೆ ಇದು 18 ನಿಮಿಷದ ಕೆಲಸ, ಖರ್ಚು 0.6 ಯೂನಿಟ್. ಈ ಗೀಸರ್ ಎಳೆಯುವ 8.7 ಆಂಪಿಯರನ್ನು 6 ಆಂಪಿಯರಿನ ಚಿಕ್ಕ ಸಾಕೆಟ್ ತಡೆಯದು. ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು.

ಮನೆಯ ದೀಪ, ಫ್ಯಾನುಗಳೆಲ್ಲ ಸಮಾಂತರ ಜೋಡಣೆಯಲ್ಲಿರುವುದರಿಂದ ಪ್ರತಿಯೊಂದಕ್ಕೂ ಪೂರ್ತಿ 230 ವೋಲ್ಟ್ ಸಿಗುತ್ತದೆ, ಒಂದು ಆರಿದರೆ ಇನ್ನೊಂದು ಉಳಿಯುತ್ತದೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನಲ್ಲಿ ಹಾಗಲ್ಲ. ಸಣ್ಣ ಬಲ್ಬುಗಳು ಸಾಲಾಗಿ ವೋಲ್ಟೇಜನ್ನು ಹಂಚಿಕೊಂಡಿರುತ್ತವೆ, ಒಂದು ಹೋದರೆ ಇಡೀ ಸಾಲು ಕತ್ತಲು.

ಫ್ಯೂಸು ಯಾರನ್ನು ಕಾಯುತ್ತದೆ

ಫ್ಯೂಸು, ಎಂಸಿಬಿಗಳು ಇರುವುದು ಮನುಷ್ಯನನ್ನು ಕಾಪಾಡಲು ಎಂಬ ನಂಬಿಕೆ ವ್ಯಾಪಕವಾಗಿದೆ. ಅವು ಕಾಯುವುದು ತಂತಿಯನ್ನು. ಕರೆಂಟು ಮಿತಿ ಮೀರಿದರೆ ಗೋಡೆಯೊಳಗಿನ ತಂತಿ ಕಾದು ಬೆಂಕಿ ಹತ್ತುವ ಮೊದಲೇ ಫ್ಯೂಸು ಕರಗುತ್ತದೆ, ಎಂಸಿಬಿ ಬೀಳುತ್ತದೆ. ಪದೇ ಪದೇ ಫ್ಯೂಸು ಹೋಗುತ್ತದೆಂದು ಅಲ್ಲಿ ತಾಮ್ರದ ದಪ್ಪ ಎಳೆ ಸುತ್ತುವವರು ಆ ಕರಗುವ ಕೆಲಸವನ್ನು ಗೋಡೆಯ ತಂತಿಗೆ ವಹಿಸಿದಂತಾಯಿತು. 6 ಆಂಪಿಯರಿನ ಎಂಸಿಬಿ 6 ಆಂಪಿಯರ್‌ವರೆಗೆ ತೆಪ್ಪಗಿರುತ್ತದೆ. ಮನುಷ್ಯನ ಎದೆಯ ಮೂಲಕ ಅದರ ನೂರರಲ್ಲೊಂದು ಪಾಲು ಹರಿದರೂ ಜೀವಕ್ಕೆ ಅಪಾಯ. ಜೀವ ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟಕ್ಕಷ್ಟು ಮರಳುತ್ತಿದೆಯೇ ಎಂದು ಅದು ಸದಾ ತೂಗುತ್ತಿರುತ್ತದೆ. ಮನೆಗಳಲ್ಲಿ ಹಾಕುವ ಬಗೆಯದು ಆ ಎರಡರ ನಡುವೆ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಬೇರೆಲ್ಲೋ ನೆಲಕ್ಕಿಳಿಯುತ್ತಿದ್ದರೆ, ಕ್ಷಣಾರ್ಧದಲ್ಲಿ ಕಡಿತ ಮಾಡುತ್ತದೆ.

ಅರ್ತಿಂಗಿನ ಕೆಲಸವೂ ಇದಕ್ಕೆ ಪೂರಕ. ಫ್ರಿಜ್ಜಿನ ಹೊರಮೈಗೆ ಫೇಸ್ ತಂತಿ ತಾಗಿದರೆ ಆ ಕರೆಂಟಿಗೆ ಮನುಷ್ಯನ ಮೈಗಿಂತ ಸುಲಭವಾದ ದಾರಿ ತಯಾರಿರಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ಗಮನಿಸಿರಬಹುದು. ಉದ್ದ ಏಕೆಂದರೆ ಪ್ಲಗ್ ತೂರಿಸುವಾಗ ಅರ್ತ್ ಎಲ್ಲಕ್ಕೂ ಮೊದಲು ಕೂಡಬೇಕು, ಕೀಳುವಾಗ ಎಲ್ಲಕ್ಕೂ ಕೊನೆಗೆ ಬಿಡಬೇಕು. ದಪ್ಪ ಏಕೆಂದರೆ ಅದು ತಪ್ಪಿ ಫೇಸಿನ ತೂತಿಗೆ ನುಗ್ಗಬಾರದು. ಹಿತ್ತಿಲಿನ ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು ಮಣ್ಣಿನ ತೇವವನ್ನೂ ವಾಹಕತೆಯನ್ನೂ ಉಳಿಸಲು. ಬೇಸಿಗೆಯಲ್ಲಿ ಅದಕ್ಕೊಂದು ಬಕೆಟ್ ನೀರು ಹೊಯ್ಯುವ ಹಳೆಯ ಎಲೆಕ್ಟ್ರಿಷಿಯನ್ನರ ಪದ್ಧತಿ ಶಾಸ್ತ್ರಸಮ್ಮತವೇ.

ಮೋಟಾರು ಮತ್ತು ಡೈನಮೊ

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. 1831ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಅದರ ಮರುಮುಖವನ್ನು ಹಿಡಿದ: ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮೊದಲನೆಯದು ಮೋಟಾರಿನ ಬೀಜ, ಎರಡನೆಯದು ಜನರೇಟರಿನದು. ಎರಡೂ ವಾಸ್ತವವಾಗಿ ಒಂದೇ ಯಂತ್ರ. ಹಳೆಯ ಸೈಕಲ್ಲಿನ ಡೈನಮೊ ಈ ತತ್ತ್ವಕ್ಕೆ ಅತ್ಯುತ್ತಮ ಪಾಠ. ಡೈನಮೊ ಟೈರಿಗೆ ತಾಗಿ ತಿರುಗುತ್ತಿರುವಾಗ ದೀಪದ ತಂತಿ ಕಿತ್ತುಹಾಕಿದರೆ ಪೆಡಲು ಹಗುರ, ತಂತಿ ಕೊಟ್ಟು ದೀಪ ಹತ್ತಿದರೆ ಪೆಡಲು ಭಾರ. ಹುಟ್ಟಿದ ಕರೆಂಟು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. 1834ರಲ್ಲಿ ಲೆಂಜ್ ಸೂತ್ರಿಸಿದ ಈ ನಿಯಮ ಶಕ್ತಿಯ ಜಮಾಖರ್ಚಿನ ವಿದ್ಯುತ್ ರೂಪ. ದೀಪದ ಬೆಳಕಿಗೆ ಬೆಲೆ ಕಾಲಿನಲ್ಲಿ ಸಂದಾಯ.

ತಿರುಗುವ ಮೋಟಾರೂ ಇದೇ ನಿಯಮದಿಂದ ತನ್ನೊಳಗೆ ಎದುರು ವೋಲ್ಟೇಜನ್ನು ಹುಟ್ಟಿಸಿಕೊಂಡು ಕರೆಂಟಿಗೆ ಕಡಿವಾಣ ಹಾಕುತ್ತದೆ. ಮಿಕ್ಸಿಯ ಜಾರಿನಲ್ಲಿ ಕೊಬ್ಬರಿ ಚೂರು ಸಿಕ್ಕಿಕೊಂಡು ಬ್ಲೇಡು ನಿಂತರೆ ಆ ಎದುರು ವೋಲ್ಟೇಜ್ ಇಲ್ಲವಾಗಿ, ಸುರುಳಿಗೆ ಕರೆಂಟು ಒಮ್ಮೆಗೇ ನುಗ್ಗುತ್ತದೆ. ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿ ಹೊರಗೆ ಜಿಗಿಯುವುದು ಆಗಲೇ. ತಣಿಯಲು ಬಿಟ್ಟು, ಸಿಕ್ಕಿದ್ದನ್ನು ಬಿಡಿಸಿ, ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಜಾರನ್ನು ನೋಡದೆ ಬರೀ ಗುಂಡಿ ಒತ್ತುತ್ತ ಹೋದರೆ ಸುಟ್ಟ ವಾಸನೆ ಖಾತ್ರಿ.

ಸೀಲಿಂಗ್ ಫ್ಯಾನಿಗೆ ಇನ್ನೊಂದು ತೊಡಕು. ಒಂದೇ ಫೇಸಿನ ಪರ್ಯಾಯ ಪ್ರವಾಹದಲ್ಲಿ ಕಾಂತಕ್ಷೇತ್ರ ಹಿಗ್ಗಿ ಕುಗ್ಗುತ್ತದೆಯೇ ಹೊರತು ಸುತ್ತುವುದಿಲ್ಲ, ಆದ್ದರಿಂದ ಯಾವ ಕಡೆಗೆ ತಿರುಗಬೇಕೆಂದು ಮೋಟಾರಿಗೆ ತೋಚದು. ಎರಡನೆಯ ಸುರುಳಿಗೆ ಕಂಡೆನ್ಸರ್ ಜೋಡಿಸಿ ಅದರ ಕರೆಂಟನ್ನು ಸ್ವಲ್ಪ ಮುಂಚಿತವಾಗಿ ಬರುವಂತೆ ಮಾಡಿದಾಗ ಕ್ಷೇತ್ರ ಸುತ್ತತೊಡಗುತ್ತದೆ. ಕಂಡೆನ್ಸರ್ ಸತ್ತ ಫ್ಯಾನು ಗುಂಯ್‌ಗುಡುತ್ತ ನಿಂತಿರುತ್ತದೆ. ಕೋಲಿನಿಂದ ತಳ್ಳಿದರೆ ತಳ್ಳಿದ ದಿಕ್ಕಿಗೇ ನಿಧಾನವಾಗಿ ತಿರುಗುತ್ತದೆ, ಎಡಕ್ಕಾದರೆ ಎಡಕ್ಕೆ, ಬಲಕ್ಕಾದರೆ ಬಲಕ್ಕೆ.

ಹೊಲದ ಪಂಪ್‌ಸೆಟ್ಟಿನಲ್ಲಿ ಬಲವಿಜ್ಞಾನ, ವಿದ್ಯುತ್ತು ಎರಡೂ ಒಟ್ಟಿಗೆ ಕಾಡುತ್ತವೆ. ಮೇಲೆ ಕೂತ ಪಂಪು ನೀರನ್ನು ‘ಹೀರುವುದಿಲ್ಲ’. ಅದು ಕೊಳವೆಯ ಗಾಳಿ ತೆಗೆಯುತ್ತದೆ, ಹೊರಗಿನ ವಾಯುಭಾರ ನೀರನ್ನು ತಳ್ಳಿ ಏರಿಸುತ್ತದೆ. ವಾಯುಭಾರ ಹಿಡಿದು ನಿಲ್ಲಿಸಬಲ್ಲ ನೀರಿನ ಕಂಬ ಹೆಚ್ಚೆಂದರೆ 10.3 ಮೀಟರ್, ವ್ಯವಹಾರದಲ್ಲಿ ಏಳೆಂಟು ಮೀಟರ್. ಪಂಪು ಎಷ್ಟೇ ಎಚ್‌ಪಿಯದಾದರೂ ಈ ಗೆರೆ ದಾಟದು. ಬಾವಿಯ ನೀರು ಇಳಿದಂತೆಲ್ಲ ಮೋಟಾರನ್ನೂ ಬಾವಿಯೊಳಗೆ ಇಳಿಸಬೇಕಾಗಿ ಬಂದದ್ದು, ಕೊಳವೆಬಾವಿಗೆ ಸಬ್‌ಮರ್ಸಿಬಲ್ಲೇ ಗತಿಯಾದದ್ದು ಹೀಗೆ: ಅದು ತಳದಲ್ಲಿ ಕೂತು ಮೇಲಕ್ಕೆ ತಳ್ಳುತ್ತದೆ. 5 ಎಚ್‌ಪಿ ಅಂದರೆ 3,730 ವ್ಯಾಟ್. 300 ಅಡಿ, ಎಂದರೆ ಸುಮಾರು 90 ಮೀಟರ್ ಆಳದಿಂದ ನಷ್ಟವೇ ಇಲ್ಲದೆ ಎತ್ತಿದರೆ ಸೆಕೆಂಡಿಗೆ 4.2 ಲೀಟರ್ ಬರಬೇಕು. ಮೋಟಾರು, ಪಂಪು, ಪೈಪುಗಳಲ್ಲಿ ಅರ್ಧ ಹೋದರೆ 2.1 ಲೀಟರ್. 600 ಅಡಿಯಿಂದ ಅದರ ಅರ್ಧ. ಅಂತರ್ಜಲ ಇಳಿದಂತೆ ಅದೇ ನೀರಿಗೆ ಹೆಚ್ಚು ಕರೆಂಟು ಸುಡುವುದು ಪಂಪಿನ ದೋಷವಲ್ಲ.

ಊರಿನ ಪಂಪುಗಳೆಲ್ಲ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ಇಸ್ತ್ರಿಪೆಟ್ಟಿಗೆಯಾದರೆ ಕಡಿಮೆ ವೋಲ್ಟೇಜಿಗೆ ಕಡಿಮೆ ಕಾಯುತ್ತದೆ, ಹಾನಿಯಿಲ್ಲ. ನೀರಿನ ಹೊರೆ ಹೊತ್ತ ಮೋಟಾರು ಹಾಗಲ್ಲ. ವೋಲ್ಟೇಜ್ ಇಳಿದರೂ ಹೊರೆ ಇಳಿಯದ್ದರಿಂದ ಹೆಚ್ಚು ಕರೆಂಟು ಎಳೆದುಕೊಂಡು ಸರಿದೂಗಿಸಲು ಹೋಗುತ್ತದೆ, ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೈಂಡಿಂಗ್ ಸುಡುತ್ತದೆ. ಮೂರು ಫೇಸಿನಲ್ಲಿ ಒಂದು ಹೋದಾಗ ಆಗುವುದೂ ಇದೇ. ಸ್ಟಾರ್ಟರಿನ ರಿಲೇ ಇಂಥ ಹೊತ್ತಿಗೆಂದೇ ಇದೆ. ಅದು ಪದೇ ಪದೇ ಬೀಳುತ್ತದೆಂದು ಕಟ್ಟಿಹಾಕಿದ ಸ್ಟಾರ್ಟರುಗಳು ಹಳ್ಳಿಹಳ್ಳಿಯಲ್ಲೂ ಸಿಗುತ್ತವೆ, ವೈಂಡಿಂಗ್ ಅಂಗಡಿಗಳು ನಡೆಯುವುದು ಅರ್ಧ ಅವುಗಳಿಂದಲೇ.

ದೂರದ ಊರಿಗೆ ವಿದ್ಯುತ್ತು

ಟ್ರಾನ್ಸ್‌ಫಾರ್ಮರ್, ಹಳ್ಳಿಗರ ಮಾತಿನಲ್ಲಿ ಟಿ.ಸಿ., ವಿದ್ಯುತ್ತಿನ ಲೋಕದ ಸನ್ನೆ. ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿ. ಎರಡನೆಯದರಲ್ಲಿ ಹತ್ತು ಪಟ್ಟು ಸುತ್ತುಗಳಿದ್ದರೆ ವೋಲ್ಟೇಜ್ ಹತ್ತು ಪಟ್ಟು, ಕರೆಂಟು ಹತ್ತರಲ್ಲೊಂದು. ಕ್ಷೇತ್ರ ಬದಲಾಗುತ್ತಿದ್ದರೆ ಮಾತ್ರ ಇದು ನಡೆಯುವುದರಿಂದ ಬ್ಯಾಟರಿಯ ಏಕಮುಖ ಪ್ರವಾಹಕ್ಕೆ ಇದು ಒದಗದು. 19ನೆಯ ಶತಮಾನದ ಕೊನೆಯಲ್ಲಿ ಎಡಿಸನ್ನನ ಏಕಮುಖ ಪ್ರವಾಹವನ್ನು ಪರ್ಯಾಯ ಪ್ರವಾಹ ಸೋಲಿಸಿದ್ದು ಮುಖ್ಯವಾಗಿ ಈ ಒಂದು ಅನುಕೂಲದಿಂದ.

ಅದರ ಬೆಲೆ ಏನೆಂಬುದಕ್ಕೆ ಶಿವನಸಮುದ್ರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಾವೇರಿ ಅಲ್ಲಿ ಸುಮಾರು 120 ಮೀಟರ್ ಇಳಿಯುತ್ತದೆ. ಪತ್ರಿಕೆಗಳಲ್ಲಿ ದಿನವೂ ಓದುವ ಒಂದು ಕ್ಯೂಸೆಕ್, ಸೆಕೆಂಡಿಗೆ 28.3 ಲೀಟರ್, ಆ ಎತ್ತರದಿಂದ ಬಿದ್ದರೆ ನಷ್ಟ ಕಳೆಯುವ ಮುನ್ನ 33 ಕಿಲೊವ್ಯಾಟ್. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಜೋಲಿ ದ ಲೋಟ್ಬಿನಿಯೇರ್ ಎಂಬ ಎಂಜಿನಿಯರನ ಯೋಜನೆಯಂತೆ ಕೈಗೆತ್ತಿಕೊಂಡ ವಿದ್ಯುದಾಗಾರ 1902ರಲ್ಲಿ ಕೆಲಸ ಶುರುಮಾಡಿತು. ಕರೆಂಟು ಬೇಕಿದ್ದುದು ಪಕ್ಕದ ಊರಿಗಲ್ಲ, ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಸರಳ ಲೆಕ್ಕ ಹಾಕೋಣ: 4,000 ಕಿಲೊವ್ಯಾಟನ್ನು 2,000 ವೋಲ್ಟಿನಲ್ಲಿ ಕಳುಹಿಸಿದರೆ ತಂತಿಯಲ್ಲಿ 2,000 ಆಂಪಿಯರ್. 30,000 ವೋಲ್ಟಿಗೆ ಏರಿಸಿ ಕಳುಹಿಸಿದರೆ 133. ತಂತಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾದ್ದರಿಂದ ನಷ್ಟ 225ರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೊದಲಿನ ವೋಲ್ಟೇಜಿನಲ್ಲಿ ಅಷ್ಟು ದೂರ ಕಳುಹಿಸಿದ್ದರೆ ಗಣಿಗೆ ಮುಟ್ಟುವಷ್ಟು ಏನೂ ಉಳಿಯುತ್ತಿರಲಿಲ್ಲ. ಅಂದಿನ ಮಾರ್ಗ ನಡೆದದ್ದು 30ರಿಂದ 35 ಸಾವಿರ ವೋಲ್ಟಿನಲ್ಲಿ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಇದೇ ವಿದ್ಯುತ್ತು ಬಂತು. ಈಗ ದೇಶದ ಮುಖ್ಯ ಮಾರ್ಗಗಳು 400 ಮತ್ತು 765 ಕಿಲೊವೋಲ್ಟಿನಲ್ಲಿ ನಡೆಯುತ್ತವೆ, ಊರಿನ ಟಿ.ಸಿ.ಗೆ 11 ಕಿಲೊವೋಲ್ಟ್ ಬರುತ್ತದೆ, ಮನೆಗೆ 230 ವೋಲ್ಟ್. ಏರಿಸಿ ಇಳಿಸುವ ಈ ಮೆಟ್ಟಿಲುಗಳೆಲ್ಲ 1902ರ ಆ ಲೆಕ್ಕದ ವಿಸ್ತರಣೆಯೇ.

ಮೋಟಾರು, ಜನರೇಟರು ಒಂದೇ ಯಂತ್ರವಾದ್ದರಿಂದ ಹಿಂದುಮುಂದಾಗಿಯೂ ಓಡಿಸಬಹುದು. ಬೆಂಗಳೂರಿನ ನಮ್ಮ ಮೆಟ್ರೊ ಹಳಿಯ ಪಕ್ಕದ ಮೂರನೆಯ ಕಂಬಿಯಿಂದ 750 ವೋಲ್ಟ್ ಏಕಮುಖ ಪ್ರವಾಹ ಪಡೆಯುತ್ತದೆ. ನಿಲ್ದಾಣ ಹತ್ತಿರವಾದಾಗ ಅದರ ಮೋಟಾರುಗಳೇ ಜನರೇಟರುಗಳಾಗಿ ರೈಲಿನ ಚಲನಶಕ್ತಿಯ ಒಂದಷ್ಟು ಪಾಲನ್ನು ಕಂಬಿಗೆ ಮರಳಿಸುತ್ತವೆ, ಹತ್ತಿರದಲ್ಲಿ ಹೊರಡುತ್ತಿರುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ವಿದ್ಯುತ್ ಸ್ಕೂಟರುಗಳಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಹಿಂದಕ್ಕೆ ಜಗ್ಗಿದಂತೆನಿಸುವುದೂ ಇದೇ ಏರ್ಪಾಟು.

ದೊಡ್ಡ ಪ್ರಮಾಣದಲ್ಲಿ ಇದನ್ನೇ ನೀರಿನಿಂದ ಮಾಡಬಹುದು. ಹಗಲಿನ ಸೌರವಿದ್ಯುತ್ತು ಹೆಚ್ಚಾದಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸಿ, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಅದೇ ಯಂತ್ರಗಳ ಮೂಲಕ ಇಳಿಸುವುದು. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಇಂಥ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಪಶ್ಚಿಮಘಟ್ಟದ ಕಾಡು, ಸಿಂಗಳೀಕಗಳ ನೆಲೆ, ಕುಸಿಯುವ ಗುಡ್ಡಗಳ ಕಾರಣಕ್ಕೆ ಅದಕ್ಕೆ ಗಟ್ಟಿಯಾದ ವಿರೋಧವೂ ಇದೆ. ಇಂಥ ಸ್ಥಾವರಗಳು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಕೂಡಿಡುತ್ತವೆ. ನೀರೇರಿಸಲು ನೂರು ಯೂನಿಟ್ ಹಾಕಿದರೆ ಇಳಿಸುವಾಗ ಮರಳುವುದು 75ರಿಂದ 80. ಉಳಿದದ್ದು ನೀರು, ಕೊಳವೆ, ಬೇರಿಂಗು, ತಾಮ್ರದ ಸುರುಳಿಗಳನ್ನು ತುಸು ಬಿಸಿಮಾಡಿ ಗಾಳಿಗೆ ಸೇರುತ್ತದೆ.